ಆಗದು ಎಂಬ ಮಾತಿಗೆ ಮದ್ದು ಕೊಟ್ಟ ಎಮಿಲ್ ಕೂಯೆ

ಫ್ರಾನ್ಸಿನ ಪೂರ್ವ ಭಾಗದಲ್ಲಿರುವ ನಾನ್ಸಿ ನಗರದಲ್ಲಿ ಜಾನ್ ದಾರ್ಕ್ ಹೆಸರಿನ ಒಂದು ಬೀದಿಯಿದೆ. 1920ರ ದಶಕದ ಆರಂಭದಲ್ಲಿ ಆ ಬೀದಿಯ ಒಂದು ಮನೆಯ ಮುಂದೆ ಬೆಳಗಾಗುತ್ತಲೇ ಜನ ಸೇರುತ್ತಿದ್ದರು. ಒಳಗೆ ಜಾಗ ಸಾಲದೆ ತೋಟದ ಬೆಂಚುಗಳ ಮೇಲೆ ಕುಳಿತು ಕಾಯುತ್ತಿದ್ದವರಲ್ಲಿ ಸುತ್ತಲಿನ ಹಳ್ಳಿಗಳ ರೈತರಿದ್ದರು, ಕೂಲಿಕಾರರಿದ್ದರು, ಸಮುದ್ರ ದಾಟಿ ಬಂದ ಇಂಗ್ಲಿಷ್ ಸಿರಿವಂತರೂ ಇದ್ದರು. ಒಬ್ಬರಿಗೆ ಕೀಲುನೋವು, ಇನ್ನೊಬ್ಬರಿಗೆ ನಿದ್ರಾಹೀನತೆ. ಮತ್ತೆ ಕೆಲವರಿಗೆ ಕಣ್ಣಿಗೆ ಕಾಣುವ ರೋಗವೇ ಇರಲಿಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯಲು ಭಯ, ತಮ್ಮಿಂದ ಏನೂ ಆಗದೆಂಬ ಕೊರಗು. ಸ್ವಲ್ಪ ಹೊತ್ತಿಗೆ ಕುಳ್ಳನೆಯ ಗಟ್ಟಿಮುಟ್ಟಾದ ದೇಹದ, ಬಿಳಿಯ ಚೂಪುಗಡ್ಡದ ಹಿರಿಯರೊಬ್ಬರು ನಗುತ್ತಾ ಅವರ ನಡುವೆ ಬಂದು ನಿಲ್ಲುತ್ತಿದ್ದರು. ತಾವು ಈವರೆಗೆ ಯಾರನ್ನೂ ಗುಣಪಡಿಸಿಲ್ಲ, ಗುಣಪಡಿಸುವ ಶಕ್ತಿ ಬಂದವರ ಒಳಗೇ ಇದೆ ಎಂಬುದನ್ನು ಅವರು ಮೊದಲಿಗೇ ಸ್ಪಷ್ಟಪಡಿಸುತ್ತಿದ್ದರು. ಅವರೇ ಎಮಿಲ್ ಕೂಯೆ. ವೈದ್ಯರಲ್ಲ, ಮನೋವಿಜ್ಞಾನದ ಪದವೀಧರರೂ ಅಲ್ಲ. ದೀರ್ಘಕಾಲ ಔಷಧ ಅಂಗಡಿ ನಡೆಸಿ ನಿವೃತ್ತರಾದವರು.

ಅಂಜುಬುರುಕ ಸ್ವಭಾವದವರಿಗೆ ದಿಟ್ಟವಾಗಿ ಮಾತನಾಡುವುದನ್ನು ಕಲಿಸಲು ಇಂದು ಸಮ್ಮೋಹನ ಚಿಕಿತ್ಸಕರು ಬಳಸುವ ವಿಧಾನವೊಂದಿದೆ. ವ್ಯಕ್ತಿಯನ್ನು ಆರಾಮವಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಮೈಯನ್ನು ಸಡಿಲ ಬಿಡುವಂತೆ ಹೇಳುತ್ತಾರೆ. ಬಳಿಕ ತಾನು ಹೆದರುವ ಸನ್ನಿವೇಶವನ್ನೇ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ಸೂಚಿಸುತ್ತಾರೆ. ಆ ಚಿತ್ರದಲ್ಲಿ ಅವನು ತಲೆತಗ್ಗಿಸಿ ನಿಂತಿರುವುದಿಲ್ಲ. ಶಾಂತವಾಗಿ, ನೇರವಾಗಿ ತನ್ನ ಮಾತನ್ನು ಹೇಳುತ್ತಿರುತ್ತಾನೆ. ಈ ವಿಧಾನದ ಹಿಂದಿರುವ ಮುಖ್ಯ ವಿಚಾರವನ್ನು ನೂರು ವರ್ಷಗಳ ಹಿಂದೆಯೇ ಜನಸಾಮಾನ್ಯರ ಭಾಷೆಗೆ ತಂದವರು ಕೂಯೆ. ಅಂಜುವವನಿಗೆ ಇಚ್ಛಾಶಕ್ತಿಯ ಕೊರತೆಯಿಲ್ಲ, ಅವನನ್ನು ಸೋಲಿಸುತ್ತಿರುವುದು ತನ್ನ ಬಗ್ಗೆ ಅವನೇ ಬರೆದುಕೊಂಡ ಚಿತ್ರ ಎಂಬುದೇ ಆ ವಿಚಾರ.

ಔಷಧದ ಜೊತೆಗೊಂದು ಮಾತು

ಎಮಿಲ್ ಕೂಯೆ ಜನಿಸಿದ್ದು 1857ರ ಫೆಬ್ರವರಿ 26ರಂದು, ಫ್ರಾನ್ಸಿನ ಟ್ರ್ವಾ ಪಟ್ಟಣದಲ್ಲಿ. ತಂದೆ ರೈಲ್ವೆ ನೌಕರ. ಮನೆಯಲ್ಲಿ ಬಡತನ. ಓದಿನಲ್ಲಿ ಮುಂದಿದ್ದ ಹುಡುಗನಿಗೆ ರಸಾಯನಶಾಸ್ತ್ರಜ್ಞನಾಗುವ ಆಸೆಯಿತ್ತು. ಆದರೆ ಅಷ್ಟು ದೀರ್ಘ ವ್ಯಾಸಂಗದ ವೆಚ್ಚ ಭರಿಸುವ ಸ್ಥಿತಿಯಲ್ಲಿ ತಂದೆ ಇರಲಿಲ್ಲ. ಬೇಗ ಜೀವನೋಪಾಯ ಕಂಡುಕೊಳ್ಳಬೇಕಿತ್ತು. ಹಾಗಾಗಿ ಔಷಧ ಶಾಸ್ತ್ರ ಓದಿ, 1882ರಲ್ಲಿ ಟ್ರ್ವಾದಲ್ಲಿಯೇ ಔಷಧ ವ್ಯಾಪಾರಿಯಾಗಿ ವೃತ್ತಿ ಆರಂಭಿಸಿದರು. ಮುಂದಿನ 28 ವರ್ಷ ಅದೇ ಅವರ ಕಸುಬಾಯಿತು.

ಔಷಧ ಅಂಗಡಿಯ ಕಟ್ಟೆಯ ಹಿಂದೆ ನಿಂತವನು ವೈದ್ಯರಿಗೂ ಕಾಣದ ಒಂದು ಸಂಗತಿಯನ್ನು ಕಾಣಬಲ್ಲ. ಒಂದೇ ಸೀಸೆಯ ಔಷಧ ಒಬ್ಬನಿಗೆ ಕೂಡಲೇ ಗುಣ ನೀಡುತ್ತದೆ, ಮತ್ತೊಬ್ಬನಿಗೆ ಏನೂ ಮಾಡುವುದಿಲ್ಲ. ಕೂಯೆ ಇದನ್ನು ಗಮನಿಸತೊಡಗಿದರು. ಔಷಧ ಕೊಡುವಾಗ ಅದರ ಗುಣವನ್ನು ಹೊಗಳಿ ನಾಲ್ಕು ಮಾತನಾಡಿದರೆ ರೋಗಿಗಳು ಬೇಗ ಚೇತರಿಸಿಕೊಳ್ಳುತ್ತಿದ್ದರು. ಸುಮ್ಮನೆ ಪೊಟ್ಟಣ ಕಟ್ಟಿ ಕೊಟ್ಟರೆ ಫಲ ಅಷ್ಟಾಗಿ ಕಾಣುತ್ತಿರಲಿಲ್ಲ. ಇಂದು ವೈದ್ಯಲೋಕ ಪ್ಲಸೀಬೊ ಪರಿಣಾಮ ಎಂದು ಕರೆಯುವುದು ಇದನ್ನೇ. ಕೂಯೆ ಔಷಧದೊಂದಿಗೆ ಭರವಸೆಯ ಮಾತು ಬರೆದ ಸಣ್ಣ ಚೀಟಿಯನ್ನೂ ಇಡಲು ಆರಂಭಿಸಿದರು. ಗುಣ ನೀಡಿದ್ದು ಔಷಧವೋ ಮಾತೋ ಎಂಬ ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ನಾನ್ಸಿಯ ಗುರುಗಳು

ಆ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ನಾನ್ಸಿಯಲ್ಲಿ. ಕೂಯೆ 1884ರಲ್ಲಿ ಲೂಸಿ ಲೆಮುವಾನ್ ಅವರನ್ನು ಮದುವೆಯಾದರು. ಆಕೆ ನಾನ್ಸಿಯವರು. ಮರುವರ್ಷವೇ ಆ ಊರಿನಲ್ಲಿ ಕೂಯೆಗೆ ಡಾಕ್ಟರ್ ಲಿಯೆಬೋ ಅವರ ಪರಿಚಯವಾಯಿತು.

ಆಂಬ್ರೂವಾಸ್ ಲಿಯೆಬೋ ಬಡವರ ವೈದ್ಯ. ಔಷಧ ಬೇಕೆಂದವರಿಂದ ಶುಲ್ಕ ಪಡೆಯುತ್ತಿದ್ದ ಅವರು, ಸಮ್ಮೋಹನ ಚಿಕಿತ್ಸೆಗೆ ಒಪ್ಪಿದವರಿಂದ ಕಾಸೂ ಮುಟ್ಟುತ್ತಿರಲಿಲ್ಲ. ರೋಗಿಯನ್ನು ನಿದ್ರೆಯಂತಹ ಸ್ಥಿತಿಗೆ ಕೊಂಡೊಯ್ದು, ನೋವು ಹೋಗುತ್ತಿದೆಯೆಂದು ಮೆಲುದನಿಯಲ್ಲಿ ಸೂಚಿಸುವುದೇ ಅವರ ಕ್ರಮ. 1866ರಲ್ಲಿ ಅವರು ಬರೆದ ಪುಸ್ತಕವನ್ನು ಬಹುಕಾಲ ಕೊಳ್ಳುವವರೇ ಇರಲಿಲ್ಲ. ಪರಿಸ್ಥಿತಿ ಬದಲಾದದ್ದು ನಾನ್ಸಿ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಹಿಪೊಲೀತ್ ಬೆರ್ನ್‌ಹೈಮ್ ಸಂದೇಹದಿಂದಲೇ ಬಂದು ನೋಡಿ, ಮನಸೋತು ಅವರ ಜೊತೆಗೂಡಿದಾಗ.

ಆಗ ಪ್ಯಾರಿಸ್ಸಿನಲ್ಲಿ ನರರೋಗ ತಜ್ಞ ಷಾರ್ಕೋ ಅವರ ಮಾತೇ ಅಂತಿಮ. ಸಮ್ಮೋಹನಕ್ಕೆ ಒಳಗಾಗುವುದು ಉನ್ಮಾದ ರೋಗದ ಲಕ್ಷಣವೆಂದು ಅವರು ಸಾರಿದ್ದರು. ನಾನ್ಸಿಯವರು ಇದನ್ನು ಅಲ್ಲಗಳೆದರು. ಸಮ್ಮೋಹನ ರೋಗವಲ್ಲ, ಆರೋಗ್ಯವಂತರೂ ಅದಕ್ಕೆ ಒಳಗಾಗುತ್ತಾರೆ, ಅಲ್ಲಿ ಕೆಲಸ ಮಾಡುವುದು ಸೂಚನೆಯ ಶಕ್ತಿ ಮಾತ್ರ ಎಂಬುದು ಅವರ ವಾದ. ಈ ವಾಗ್ವಾದ ಎಷ್ಟು ಪ್ರಸಿದ್ಧವಾಯಿತೆಂದರೆ, 1889ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೂಡ ನಾನ್ಸಿಗೆ ಬಂದು ಇಬ್ಬರ ಕೆಲಸವನ್ನು ಕಣ್ಣಾರೆ ಕಂಡು ಹೋದರು.

ಕೂಯೆ ಅಲ್ಲಿ ಕಲಿತು ಟ್ರ್ವಾಕ್ಕೆ ಮರಳಿದರೂ ಅದನ್ನು ಕೂಡಲೇ ಪ್ರಯೋಗಿಸಲಾಗಲಿಲ್ಲ. ಲಿಯೆಬೋ ಅವರ ವಿಧಾನದಲ್ಲಿ ಖಚಿತವಾದ ಕ್ರಮವಿಲ್ಲವೆಂಬ ಅತೃಪ್ತಿ ಅವರಲ್ಲಿತ್ತು. ವರ್ಷಗಳು ಕಳೆದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ನಡುವಯಸ್ಸು ದಾಟಿದ ಅವರು ಅಮೆರಿಕದಿಂದ ಅಂಚೆಯ ಮೂಲಕ ಸಮ್ಮೋಹನದ ಪಾಠಗಳನ್ನು ತರಿಸಿಕೊಂಡರು. ಜಾಹೀರಾತಿನ ಅಬ್ಬರವೇ ಹೆಚ್ಚಿದ್ದ ಆ ಪಾಠಗಳಲ್ಲಿ ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಂಡರು. ಊರಿನವರ ಮೇಲೆ ಪ್ರಯೋಗಗಳು ಆರಂಭವಾದವು.

ಸಮ್ಮೋಹನವನ್ನು ಕೈಬಿಟ್ಟ ಸಮ್ಮೋಹಕ

ಕೂಯೆ ಅವರ ಬದುಕಿನ ಮುಖ್ಯ ತಿರುವು ಇರುವುದು ಇಲ್ಲಿ. ಪ್ರಯೋಗ ಮಾಡುತ್ತಾ ಹೋದಂತೆ ಅವರಿಗೆ ಎರಡು ಸಂಗತಿಗಳು ಮನದಟ್ಟಾದವು. ಗಾಢ ಸಮ್ಮೋಹನಕ್ಕೆ ಒಳಗಾಗುವವರು ಕೆಲವರು ಮಾತ್ರ. ಉಳಿದವರು ಕಣ್ಣು ಮುಚ್ಚಿದರೂ ಎಚ್ಚರವಾಗಿಯೇ ಇರುತ್ತಾರೆ. ಆದರೆ ಎಚ್ಚರವಿದ್ದವರೂ ಸೂಚನೆಯಿಂದ ಪ್ರಯೋಜನ ಪಡೆಯುತ್ತಾರೆ. ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದದ್ದು. ಸಮ್ಮೋಹಕ ಎಷ್ಟೇ ಪ್ರಭಾವಶಾಲಿಯಾಗಿರಲಿ, ಅವನ ಮಾತನ್ನು ಕೇಳುವವನ ಮನಸ್ಸು ಒಪ್ಪದಿದ್ದರೆ ಅದು ಗಾಳಿಗೆ ಹೋದಂತೆಯೇ. ಒಪ್ಪಿದರೆ ಆ ಕ್ಷಣದಿಂದ ಅದು ಸಮ್ಮೋಹಕನ ಸೂಚನೆಯಾಗಿ ಉಳಿಯುವುದಿಲ್ಲ, ಕೇಳಿದವನು ತನಗೆ ತಾನೇ ಕೊಟ್ಟುಕೊಂಡ ಸೂಚನೆಯಾಗುತ್ತದೆ. ಎಲ್ಲ ಸೂಚನೆಯೂ ಅಂತಿಮವಾಗಿ ಆತ್ಮಸೂಚನೆಯೇ.

ಹಾಗಿದ್ದಲ್ಲಿ ನಡುವೆ ಸಮ್ಮೋಹಕನೇಕೆ? ಈ ಪ್ರಶ್ನೆಯನ್ನು ಕೇಳಿಕೊಂಡ ಕೂಯೆ, ಜನರನ್ನು ನಿದ್ರೆಗೆ ದೂಡುವ ಕ್ರಮವನ್ನೇ ಬಿಟ್ಟುಬಿಟ್ಟರು. ಇನ್ನೊಬ್ಬನ ಇಚ್ಛೆಗೆ ತಲೆಬಾಗಿಸುವ ವಿದ್ಯೆ ಎಂದು ಜನ ಭಾವಿಸಿದ್ದ ಸಮ್ಮೋಹನವನ್ನು, ಸ್ವಂತ ಕಾಲಿನ ಮೇಲೆ ನಿಲ್ಲುವ ವಿದ್ಯೆಯನ್ನಾಗಿ ಅವರು ತಿರುಗಿಸಿದರು. ಅಂಜುಬುರುಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ. ಸದಾ ಇತರರ ಆಜ್ಞೆಗೆ ಕಾಯುವವನನ್ನು ಮತ್ತೊಬ್ಬನ ಆಜ್ಞೆಯಿಂದ ಧೈರ್ಯಶಾಲಿಯನ್ನಾಗಿ ಮಾಡಲು ಹೊರಡುವುದು ಒಂದು ವಿರೋಧಾಭಾಸವೇ ಸರಿ.

ಹಲಗೆಯ ಮೇಲಿನ ನಡಿಗೆ

ಇಚ್ಛೆಗಿಂತ ಕಲ್ಪನೆ ಬಲಶಾಲಿ ಎಂಬುದನ್ನು ವಿವರಿಸಲು ಕೂಯೆ ಬಳಸುತ್ತಿದ್ದ ಉದಾಹರಣೆ ಸರಳವಾದದ್ದು. ಸುಮಾರು 30 ಅಡಿ ಉದ್ದದ, ಒಂದು ಅಡಿ ಅಗಲದ ಹಲಗೆಯನ್ನು ನೆಲದ ಮೇಲಿಟ್ಟರೆ ಯಾರು ಬೇಕಾದರೂ ಅದರ ಮೇಲೆ ನಡೆದು ಹೋಗುತ್ತಾರೆ. ಅದೇ ಹಲಗೆಯನ್ನು ಚರ್ಚಿನ ಗೋಪುರದಷ್ಟು ಎತ್ತರದಲ್ಲಿ ಇಟ್ಟರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ನಡುಗುತ್ತದೆ. ಹಲಗೆ ಬದಲಾಗಿಲ್ಲ, ಕಾಲುಗಳೂ ಅವೇ. ನಡೆಯಬೇಕೆಂಬ ಇಚ್ಛೆಯಂತೂ ಮೊದಲಿಗಿಂತ ಹೆಚ್ಚಾಗಿದೆ. ಬದಲಾದದ್ದು ಒಂದೇ: ಮೊದಲು ನಡೆಯುವ ಚಿತ್ರ ಮನಸ್ಸಿನಲ್ಲಿತ್ತು, ಈಗ ಬೀಳುವ ಚಿತ್ರವಿದೆ.

ನಿದ್ರೆ ಬರಲೆಂದು ಹಟ ಹಿಡಿದಷ್ಟೂ ನಿದ್ರೆ ದೂರ ಸರಿಯುವುದು, ಸೈಕಲ್ ಕಲಿಯುವವನು ಕಲ್ಲಿಗೆ ಗುದ್ದಬಾರದೆಂದು ಹೆದರಿ ನೇರವಾಗಿ ಅದಕ್ಕೇ ಹೋಗಿ ಗುದ್ದುವುದು, ಮರೆತ ಹೆಸರನ್ನು ನೆನಪಿಸಿಕೊಳ್ಳಲು ಹೆಣಗಿದಷ್ಟೂ ಅದು ತಪ್ಪಿಸಿಕೊಳ್ಳುವುದು ಇವೆಲ್ಲ ಅದೇ ನಿಯಮದ ರೂಪಗಳು. ಇಚ್ಛೆಗೂ ಕಲ್ಪನೆಗೂ ಜಗಳವಾದರೆ ಗೆಲ್ಲುವುದು ಯಾವಾಗಲೂ ಕಲ್ಪನೆಯೇ. ಅವೆರಡೂ ಕೈಜೋಡಿಸಿದರೆ ಬಲ ಕೂಡುವುದಿಲ್ಲ, ಗುಣಿಸುತ್ತದೆ ಎಂದು ಅವರು ಗಣಿತದ ಭಾಷೆಯಲ್ಲಿ ಹೇಳುತ್ತಿದ್ದರು. ಬಲವಂತದ ಪ್ರಯತ್ನ ವಿರುದ್ಧ ಫಲವನ್ನೇ ಕೊಡುವ ಈ ವಿಚಿತ್ರವನ್ನು ಅವರ ಶಿಷ್ಯ, ಜಿನೀವಾದ ಶಾರ್ಲ್ ಬೋದ್ವಾಂ, ವಿಪರೀತ ಪ್ರಯತ್ನದ ನಿಯಮವೆಂದು ಹೆಸರಿಸಿದರು.

ದಿಟ್ಟತನದ ವಿಷಯಕ್ಕೆ ಈ ನಿಯಮವನ್ನು ಅನ್ವಯಿಸಿದರೆ ಅದರ ಬೆಲೆ ತಿಳಿಯುತ್ತದೆ. ಮೇಲಧಿಕಾರಿಯ ಕೊಠಡಿಯ ಬಾಗಿಲಲ್ಲಿ ನಿಂತವನು ಇಂದು ಹೇಳಿಯೇ ತೀರುತ್ತೇನೆಂದು ಹಲ್ಲು ಕಚ್ಚಿರುತ್ತಾನೆ. ಆದರೆ ಅವನ ಮನಸ್ಸಿನೊಳಗೆ ನಡೆಯುತ್ತಿರುವುದು ಬೇರೆಯೇ ದೃಶ್ಯ: ಒಣಗಿದ ನಾಲಿಗೆ, ತೊದಲುವ ಮಾತು, ಅಧಿಕಾರಿಯ ವ್ಯಂಗ್ಯದ ನಗು. ಹಟ ಹೆಚ್ಚಿದಷ್ಟೂ ಆ ದೃಶ್ಯವೂ ಗಾಢವಾಗುತ್ತದೆ. ಧೈರ್ಯ ತಂದುಕೋ ಎಂದು ಅವನಿಗೆ ಬುದ್ಧಿ ಹೇಳುವುದರಿಂದ ಪ್ರಯೋಜನವಿಲ್ಲ. ಬದಲಾಗಬೇಕಾದದ್ದು ಆ ದೃಶ್ಯ.

ಇಪ್ಪತ್ತು ಗಂಟುಗಳ ದಾರ

1910ರಲ್ಲಿ ಕೂಯೆ ಅಂಗಡಿಯನ್ನು ಮಾರಿ ನಾನ್ಸಿಗೆ ಬಂದು ನೆಲೆಸಿದರು. 1913ರಲ್ಲಿ ಲೊರೇನ್ ಅನ್ವಯಿಕ ಮನೋವಿಜ್ಞಾನ ಸಂಘವನ್ನು ಸ್ಥಾಪಿಸಿದರು. ಮುಂದೆ ಅವರ ಮನೆಯಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಸಮಾಲೋಚನೆಗಳು ನಡೆಯುತ್ತಿದ್ದವೆಂದು ಬೋದ್ವಾಂ ಲೆಕ್ಕ ಕೊಟ್ಟಿದ್ದಾರೆ. ಇದಕ್ಕಾಗಿ ಕೂಯೆ ಯಾರಿಂದಲೂ ಶುಲ್ಕ ಪಡೆಯುತ್ತಿರಲಿಲ್ಲ.

ಚಿಕಿತ್ಸೆಗಿಂತ ಪಾಠದಂತಿದ್ದವು ಆ ಸಭೆಗಳು. ಮೊದಲು ಪ್ರತಿಯೊಬ್ಬರನ್ನೂ ಮಾತನಾಡಿಸಿ, ಅವರ ಕಷ್ಟವನ್ನು ಸಂಕ್ಷಿಪ್ತವಾಗಿ ಕೇಳುತ್ತಿದ್ದರು. ದೂರುಗಳ ಪಟ್ಟಿ ಉದ್ದವಾದರೆ ನಗುತ್ತಲೇ ತಡೆಯುತ್ತಿದ್ದರು, ಏಕೆಂದರೆ ಕಷ್ಟವನ್ನು ಮತ್ತೆ ಮತ್ತೆ ವರ್ಣಿಸುವುದೂ ಒಂದು ಆತ್ಮಸೂಚನೆಯೇ. ಆನಂತರ ಚಿಕ್ಕ ಪ್ರಯೋಗಗಳು. ಎರಡೂ ಕೈಬೆರಳುಗಳನ್ನು ಹೆಣೆದು ಬಿಗಿಹಿಡಿದು, ಬಿಡಿಸಲಾಗದು ಎಂದು ಮನಸಾರೆ ಭಾವಿಸಲು ಹೇಳುತ್ತಿದ್ದರು. ಕೈ ಬಿಡಿಸಲು ಎಳೆದಷ್ಟೂ ಅದು ಇನ್ನಷ್ಟು ಬಿಗಿಯುತ್ತಿತ್ತು. ಬಿಡಿಸಬಲ್ಲೆ ಎಂದು ಭಾವಿಸಿದ ಕ್ಷಣ ಬೆರಳುಗಳು ಸಡಿಲವಾಗುತ್ತಿದ್ದವು. ಆಗದು ಎಂಬ ಕಲ್ಪನೆ ದೇಹವನ್ನು ಹೇಗೆ ಕಟ್ಟಿಹಾಕುತ್ತದೆಂಬುದನ್ನು ರೋಗಿ ತನ್ನ ಕೈಯಲ್ಲಿಯೇ ಕಾಣುತ್ತಿದ್ದ.

ನಾನ್ಸಿಗೆ ಬಂದು ಈ ಸಭೆಗಳನ್ನು ಕಂಡ ಇಂಗ್ಲಿಷ್ ಲೇಖಕ ಹ್ಯಾರಿ ಬ್ರೂಕ್ಸ್ 1922ರ ತಮ್ಮ ಪುಸ್ತಕದಲ್ಲಿ ಒಬ್ಬ ಕಮ್ಮಾರನ ಪ್ರಸಂಗವನ್ನು ವಿವರಿಸಿದ್ದಾರೆ. ಸುಮಾರು ಹತ್ತು ವರ್ಷಗಳಿಂದ ಅವನಿಗೆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಲಾಗುತ್ತಿರಲಿಲ್ಲ. ಎತ್ತಬಲ್ಲೆ ಎಂದಷ್ಟೇ ಯೋಚಿಸುವಂತೆ ಕೂಯೆ ಒತ್ತಾಯಿಸಿದರು. ಅಂತೂ ಕೈ ಮೇಲೆದ್ದಿತು. ಮೂಳೆ ಮುರಿದಿದ್ದರೆ ಹೀಗಾಗುತ್ತಿರಲಿಲ್ಲ. ಹಳೆಯ ನೋವು ಮಾಯವಾದರೂ ಅದರ ಭಯ ಉಳಿದವರಲ್ಲಿ ಮಾತ್ರ ಹೀಗಾಗುತ್ತಿತ್ತು.

ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಕೂಯೆ ಏರಿಳಿತವಿಲ್ಲದ ಮೆಲುದನಿಯಲ್ಲಿ ದೀರ್ಘವಾದ ಸೂಚನೆ ನೀಡುತ್ತಿದ್ದರು. ಹಸಿವು, ಜೀರ್ಣಶಕ್ತಿ, ನಿದ್ರೆ ಎಲ್ಲವೂ ಸರಿಯಾಗುತ್ತವೆಂದು ಹೇಳಿದ ಬಳಿಕ ಮಾತು ಮನಸ್ಸಿನತ್ತ ಹೊರಳುತ್ತಿತ್ತು. ಇದುವರೆಗೆ ತಮ್ಮ ಮೇಲೆ ತಮಗಿದ್ದ ಅಪನಂಬಿಕೆ ಕ್ರಮೇಣ ಅಳಿದು ಅಲ್ಲಿ ಆತ್ಮವಿಶ್ವಾಸ ನೆಲೆಸುತ್ತದೆ, ಆ ವಿಶ್ವಾಸವಿದ್ದಾಗ ನ್ಯಾಯವಾದ ಯಾವ ಕೆಲಸವನ್ನಾದರೂ ಮಾಡಿ ಮುಗಿಸಬಹುದು ಎಂಬುದು ಅದರ ತಾತ್ಪರ್ಯ. ಕಷ್ಟ, ಅಸಾಧ್ಯ, ನನ್ನಿಂದಾಗದು ಎಂಬ ಪದಗಳನ್ನು ನಿತ್ಯದ ಮಾತಿನಿಂದಲೇ ತೆಗೆದುಹಾಕಬೇಕೆಂಬುದು ಅವರ ಉಪದೇಶವಾಗಿತ್ತು. ಎದುರಿರುವ ಕೆಲಸ ಸುಲಭವೆಂದು ಭಾವಿಸಿದವನು ಅದಕ್ಕೆ ಬೇಕಾದಷ್ಟು ಶಕ್ತಿಯನ್ನು ಮಾತ್ರ ವ್ಯಯಿಸುತ್ತಾನೆ, ಕಷ್ಟವೆಂದು ಭಾವಿಸಿದವನು ಅದರ ಹತ್ತರಷ್ಟು ಪೋಲು ಮಾಡುತ್ತಾನೆ.

ಮನೆಗೆ ಹೋದ ಮೇಲೆ ಮಾಡಬೇಕಾದದ್ದು ಇಷ್ಟೇ. ಬೆಳಿಗ್ಗೆ ಏಳುವ ಮುನ್ನ, ರಾತ್ರಿ ಮಲಗಿದ ನಂತರ, ಕಣ್ಣು ಮುಚ್ಚಿ, ದಿನದಿನಕ್ಕೂ ಎಲ್ಲ ರೀತಿಯಲ್ಲೂ ತಾನು ಉತ್ತಮಗೊಳ್ಳುತ್ತಿರುವುದಾಗಿ ತುಟಿಯಲ್ಲೇ 20 ಬಾರಿ ಹೇಳಿಕೊಳ್ಳುವುದು. ಲೆಕ್ಕ ತಪ್ಪದಿರಲು 20 ಗಂಟುಗಳಿರುವ ದಾರವೊಂದನ್ನು ಜಪಮಾಲೆಯಂತೆ ಬಳಸುವುದು. ಗಮನವಿಟ್ಟು ಹೇಳಬೇಕೆಂಬ ಹಟವೂ ಬೇಡ. ಅರೆನಿದ್ರೆಯ ಆ ಹೊತ್ತಿನಲ್ಲಿ ಮಾತು ತಾನಾಗಿ ಸುಪ್ತಮನಸ್ಸಿಗೆ ಇಳಿಯುತ್ತದೆಂಬುದು ಅವರ ನಂಬಿಕೆ. ಮಲಗಿದ ಮಗುವಿನಿಂದ ಸ್ವಲ್ಪ ದೂರದಲ್ಲಿ ನಿಂತು, ಅದರಲ್ಲಿ ಬೆಳೆಯಬೇಕಾದ ಒಳ್ಳೆಯ ಗುಣವನ್ನು ಪಿಸುದನಿಯಲ್ಲಿ ಹೇಳಬೇಕೆಂದು ತಂದೆತಾಯಿಯರಿಗೂ ಅವರು ಸಲಹೆ ನೀಡುತ್ತಿದ್ದರು.

ಕೀರ್ತಿ ಮತ್ತು ಕುಹಕ

ಮೊದಲ ಮಹಾಯುದ್ಧದ ನಂತರದ ಯೂರೋಪು ಬಳಲಿತ್ತು. ಮಕ್ಕಳನ್ನು ಕಳೆದುಕೊಂಡವರು, ಯುದ್ಧಭೂಮಿಯಿಂದ ನಡುಗುತ್ತಾ ಮರಳಿದವರು ಮನೆಮನೆಯಲ್ಲಿದ್ದರು. ಅಂಥ ಹೊತ್ತಿನಲ್ಲಿ ಒಂದೇ ವಾಕ್ಯದ ಔಷಧ ಕಾಳ್ಗಿಚ್ಚಿನಂತೆ ಹಬ್ಬಿತು. ಬೋದ್ವಾಂ ಅವರ ಗ್ರಂಥ 1920ರಲ್ಲಿ ಇಂಗ್ಲಿಷಿಗೆ ಬಂದಿತು. ಕೂಯೆ ಅವರ ಚಿಕ್ಕ ಪುಸ್ತಕವೂ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಉಪನ್ಯಾಸಗಳಿಗೆ ಜನ ಕಿಕ್ಕಿರಿದರು. 1923ರ ಜನವರಿಯಲ್ಲಿ ಅವರು ಅಮೆರಿಕದಲ್ಲಿ ಇಳಿದಾಗ ವರದಿಗಾರರ ದಂಡೇ ಕಾದಿತ್ತು.

ಕೀರ್ತಿಯ ಬೆನ್ನಿಗೇ ಕುಹಕವೂ ಬಂದಿತು. ನಗೆಗಾರರಿಗೆ ಆ ಒಂದು ವಾಕ್ಯ ಸುಗ್ಗಿಯಾಯಿತು. ಊರುಗೋಲು ಎಸೆದು ಓಡುವ ಪವಾಡವನ್ನು ನಿರೀಕ್ಷಿಸಿ ಬಂದವರು ನಿರಾಶರಾದರು. ವೈದ್ಯರು ಇದನ್ನು ಅರೆಬೆಂದ ವಿದ್ಯೆ ಎಂದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ವಾಕ್ಯವೊಂದನ್ನು ಜಪಿಸುತ್ತಾ ಕುಳಿತು ನಿಜವಾದ ಕಾಯಿಲೆಗೆ ಚಿಕಿತ್ಸೆ ಪಡೆಯದೆ ಹೋದರೆ ಗತಿಯೇನು? ಗುಣವಾಗದಿದ್ದರೆ ಅದು ರೋಗಿಯ ಕಲ್ಪನೆಯ ದೋಷವೆಂದು ಅವನನ್ನೇ ದೂರಿದಂತಾಗದೆ? ಕೂಯೆ ಮಾತ್ರ ಆತ್ಮಸೂಚನೆ ವೈದ್ಯಕ್ಕೆ ಪರ್ಯಾಯವಲ್ಲ, ಪೂರಕ ಎಂದೇ ಹೇಳುತ್ತಾ ಬಂದರು. ಆದರೆ ಪತ್ರಿಕೆಗಳ ದಪ್ಪಕ್ಷರದ ಶೀರ್ಷಿಕೆಗಳಲ್ಲಿ ಆ ಎಚ್ಚರಿಕೆಗೆ ಜಾಗವಿರಲಿಲ್ಲ.

ವಯಸ್ಸು ಎಪ್ಪತ್ತರ ಸಮೀಪಕ್ಕೆ ಬಂದರೂ ಕೂಯೆ ಸುತ್ತಾಟ ನಿಲ್ಲಿಸಲಿಲ್ಲ. 1926ರ ಜುಲೈ 2ರಂದು ನಾನ್ಸಿಯಲ್ಲಿ ಅವರು ನಿಧನರಾದರು. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಕೂಯೆ ವಿಧಾನ ಎಂಬ ಮಾತು ಬಳಕೆಯಲ್ಲಿದೆ. ಆದರೆ ಅದಕ್ಕೆ ಬಂದಿರುವ ಅರ್ಥ, ವಾಸ್ತವಕ್ಕೆ ಕಣ್ಣು ಮುಚ್ಚಿ ಎಲ್ಲವೂ ಸರಿಯಿದೆಯೆಂದು ತನ್ನನ್ನು ತಾನೇ ನಂಬಿಸಿಕೊಳ್ಳುವುದು ಎಂದು.

ಉಳಿದದ್ದೇನು?

ಹೆಸರಿಗೆ ಮಸಿ ತಾಗಿದರೂ ವಿಚಾರ ಸಾಯಲಿಲ್ಲ. ಜರ್ಮನಿಯ ವೈದ್ಯ ಯೊಹಾನೆಸ್ ಶುಲ್ಟ್ಸ್ 1932ರಲ್ಲಿ ಪ್ರಕಟಿಸಿದ ಆಟೊಜೆನಿಕ್ ತರಬೇತಿಯೂ ಸಮ್ಮೋಹನವನ್ನು ಸ್ವಂತ ಅಭ್ಯಾಸವನ್ನಾಗಿ ಮಾರ್ಪಡಿಸುವ ಪ್ರಯತ್ನವೇ. ಅಮೆರಿಕದ ಮನೋವಿಜ್ಞಾನಿ ಆಂಡ್ರ್ಯೂ ಸಾಲ್ಟರ್ ಸ್ವಯಂ ಸಮ್ಮೋಹನದ ಅಧ್ಯಯನದಿಂದಲೇ ಹೊರಟವರು. 1949ರ ತಮ್ಮ ಗ್ರಂಥದಲ್ಲಿ ಅವರು, ಭಾವನೆಗಳನ್ನು ನುಂಗಿಕೊಳ್ಳುವವರು ಅವನ್ನು ಬಾಯಿಬಿಟ್ಟು ಹೇಳಬೇಕು, ಒಪ್ಪಿಗೆಯಾಗದ್ದನ್ನು ಒಪ್ಪಿಗೆಯಿಲ್ಲವೆಂದೇ ತಿಳಿಸಬೇಕು ಎಂದು ವಾದಿಸಿದರು. ದಿಟ್ಟತನದ ತರಬೇತಿಗೆ ಅಡಿಪಾಯವಾದದ್ದು ಆ ಗ್ರಂಥ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರ ಕೃತಿಯಲ್ಲಿ, ಮೈ ಸಡಿಲಗೊಳಿಸಿ ಭಯದ ಸನ್ನಿವೇಶವನ್ನು ಹಂತಹಂತವಾಗಿ ಕಲ್ಪಿಸಿಕೊಳ್ಳುವ ಕ್ರಮವನ್ನು ರೂಪಿಸಿದರು. ದಿಟ್ಟ ನಡೆನುಡಿಯ ಅಭ್ಯಾಸಕ್ಕೂ ಅದರಲ್ಲಿ ಸ್ಥಾನವಿತ್ತು.

ಹೊಸ ಸಂಶೋಧನೆಗಳು ಕೂಯೆ ಅವರ ಬಗ್ಗೆ ಇಬ್ಬಗೆಯ ತೀರ್ಪು ನೀಡಿವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತನ್ನನ್ನು ತಾನು ಹೊಗಳಿಕೊಳ್ಳುವ ವಾಕ್ಯಗಳನ್ನು ಪುನರುಚ್ಚರಿಸಿದಾಗ ಆತ್ಮಗೌರವ ಕಡಿಮೆಯಿರುವವರ ಮನಸ್ಸು ಇನ್ನಷ್ಟು ಕುಗ್ಗಿತು. ಮನಸ್ಸು ಒಪ್ಪದ ಸೂಚನೆ ಕೆಲಸ ಮಾಡದೆಂಬ ಕೂಯೆ ಅವರ ಮಾತೇ ಇಲ್ಲಿ ಅವರ ಸೂತ್ರಕ್ಕೆ ಎದುರಾಗಿ ನಿಂತಂತಿದೆ. ಇನ್ನೊಂದೆಡೆ, 2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚುಕ್ ಮತ್ತು ತಂಡದವರು ಕರುಳಿನ ತೊಂದರೆಯಿದ್ದವರಿಗೆ ಇದು ಔಷಧವಿಲ್ಲದ ಗುಳಿಗೆ ಎಂದು ಮೊದಲೇ ತಿಳಿಸಿ ಕೊಟ್ಟರು. ಆದರೂ, ಗುಳಿಗೆ ಪಡೆಯದವರಿಗಿಂತ ಅವರು ಹೆಚ್ಚು ಉಪಶಮನ ಕಂಡರು. ಟ್ರ್ವಾದ ಔಷಧ ವ್ಯಾಪಾರಿ ಕಟ್ಟೆಯ ಹಿಂದೆ ನಿಂತು ಕಂಡದ್ದು ಭ್ರಮೆಯಲ್ಲ.

ಒಂದೇ ವಾಕ್ಯ ಎಲ್ಲರನ್ನೂ ಗುಣಪಡಿಸುವುದಿಲ್ಲ. ತೀವ್ರ ಆತಂಕ, ಖಿನ್ನತೆಗಳಿಗೆ ತಜ್ಞರ ನೆರವೇ ಬೇಕು. ಕಲ್ಪನೆಯಲ್ಲಿ ಕಂಡ ಧೈರ್ಯವನ್ನು ಹೊರಗೆ, ಜನರ ನಡುವೆ, ಚಿಕ್ಕ ಚಿಕ್ಕ ಸಂದರ್ಭಗಳಲ್ಲಿ ಅಭ್ಯಾಸ ಮಾಡದಿದ್ದರೆ ಅದು ಕಲ್ಪನೆಯಾಗಿಯೇ ಉಳಿಯುತ್ತದೆ. ಕೂಯೆ ಅವರ ನಂತರ ಬಂದವರು ಸೇರಿಸಿದ್ದು ಈ ತಿದ್ದುಪಡಿಯನ್ನೇ. ಆದರೆ ಹೆದರುವವನನ್ನು ಇಚ್ಛಾಶಕ್ತಿಯಿಲ್ಲದ ಹೇಡಿ ಎಂದು ಜರೆಯುತ್ತಿದ್ದ ಕಾಲದಲ್ಲಿ, ಅವನಲ್ಲಿ ಕೊರತೆಯೇನೂ ಇಲ್ಲ, ಚಿತ್ರವೊಂದು ತಪ್ಪಾಗಿದೆ ಅಷ್ಟೇ ಎಂದು ಅವರು ಹೇಳಿದರು. ಆ ಚಿತ್ರವನ್ನು ತಿದ್ದುವ ಕುಂಚವನ್ನು ಸಮ್ಮೋಹಕನ ಕೈಯಿಂದ ತೆಗೆದು ಅವನ ಕೈಗೇ ಕೊಟ್ಟರು. ನೆಲದ ಮೇಲಿನ ಹಲಗೆಯ ಮೇಲೆ ನಡೆದ ಕಾಲುಗಳು ಗೋಪುರದ ಎತ್ತರದಲ್ಲೂ ಅವೇ ಎಂಬುದನ್ನು ನೆನಪಿಸಿದ್ದೇ ಎಮಿಲ್ ಕೂಯೆ ಅವರ ಬದುಕಿನ ಸಾಧನೆ.